ಪಕ್ಕಕ್ಕೊಂದು ತೂತು

ಜೂನ್ ೩, ಸೋಮವಾರ

ಇವತ್ತು ಯಜಮಾನರು ನನ್ನನ್ನು ಒಳಗೆ ಕರೆದು ಕುರ್ಚಿ ತೋರಿಸಿದರು. ಅವರು ಕೂತುಕೊಳ್ಳಲು ಹೇಳಿದರೆ ಸುದ್ದಿ ಒಳ್ಳೆಯದಲ್ಲ ಎಂದೇ ಅರ್ಥ. ಒಳ್ಳೆಯ ಸುದ್ದಿಯನ್ನು ಅವರು ನಡೆಯುತ್ತಲೇ ಹೇಳಿ ಮುಗಿಸುತ್ತಾರೆ.

ನಮ್ಮದು ದೀಪದ ಕಾರ್ಖಾನೆ. ಮರದ ಗೂಡಿನ ಪಕ್ಕಗಳಿಗೆ ತೂತು ಕೊರೆದು ಒಳಗೆ ಬಲ್ಬು ಹೊತ್ತಿಸಿದರೆ ಗೋಡೆಯ ಮೇಲೆ ಎಲೆ, ಹಕ್ಕಿ, ಮೀನು ಮೂಡುತ್ತವೆ. ಯಾವ ತೂತು ಎಲ್ಲಿ, ಎಷ್ಟು ದೊಡ್ಡದು ಎಂದು ಪೆನ್ಸಿಲಿನಲ್ಲಿ ಬರೆದುಕೊಡುವವಳು ನಾನು. ಈಗ ಕೊರೆಯಲು ಹೊಸ ಯಂತ್ರ ಬಂದಿದೆ. ಅದಕ್ಕೆ ಪೆನ್ಸಿಲು ಅರ್ಥವಾಗುವುದಿಲ್ಲವಂತೆ.

"ಕಂಪ್ಯೂಟರಲ್ಲಿ ಬರೆದುಕೊಟ್ರೆ ಮಾತ್ರ ಅದು ಕೇಳತ್ತೆ," ಅಂದರು. "ಸಂಜೆ ಕ್ಲಾಸಿಗೆ ಸೇರ್ಕೊಳ್ಳಿ. ಮುಂದಿನ ತಿಂಗಳ ಮೊದಲ ವಾರಕ್ಕೆ ಹೊಸ ದುಂಡು ದೀಪ ನೀವೇ ಮಾಡಿ ತೋರಿಸ್ಬೇಕು."

"ಆಗದಿದ್ರೆ?"

"ಪ್ಯಾಕಿಂಗಲ್ಲಿ ಜನ ಕಡಿಮೆ ಇದಾರೆ," ಎಂದು ಕನ್ನಡಕ ಒರೆಸಿಕೊಂಡರು.

ಮನೆಗೆ ಬಂದಾಗ ಅಪ್ಪನ ಫೋನು. "ಮುಳ್ಳೇ, ಭಾನುವಾರ ಊಟಕ್ಕೆ ಬಾ." ಅಪ್ಪ ಗಡಿಯಾರ ರಿಪೇರಿ ಮಾಡುವವನು. ಚಿಕ್ಕವಳಿದ್ದಾಗ ಗಡಿಯಾರದ ಮುಳ್ಳಿನ ಹಾಗೆ ಸಣಕಲಾಗಿದ್ದೆ ಎಂದು ನನಗೆ ಆ ಹೆಸರು. ಅದು ಆ ಮುಳ್ಳಲ್ಲ, ಚುಚ್ಚುವ ಮುಳ್ಳು ಎಂದು ಅಮ್ಮ ಹೇಳುತ್ತಿದ್ದಳು. ಅಮ್ಮ ಹೋಗಿ ಬಹಳ ಕಾಲವಾಯಿತು. ಮೊನ್ನೆ ಮಾರ್ಚಿನಲ್ಲಿ, ತಲೆಯೆಲ್ಲ ಬೆಳ್ಳಗಾದ ಮೇಲೆ, ಅಪ್ಪ ಇನ್ನೊಂದು ಮದುವೆಯಾದ. ಹುಡುಗಿ ರಿಟೈರ್ಡ್ ಬಸ್ ಕಂಡಕ್ಟರ್. ನಾನು ಮದುವೆಗೆ ಹೋಗಿ, ಫೋಟೋ ತೆಗೆಯುವಷ್ಟರಲ್ಲಿ ವಾಪಸು ಬಂದವಳು. ಆಮೇಲೆ ಆ ಮನೆಯ ಕಡೆ ತಲೆ ಹಾಕಿಲ್ಲ.

"ಭಾನುವಾರ ಕೆಲಸ ಇದೆ ಅಪ್ಪ," ಎಂದೆ. ಒಮ್ಮೆಯಾದರೂ ಸುಳ್ಳಲ್ಲದ ನೆಪ ಸಿಕ್ಕಿತು.

ಜೂನ್ ೫, ಬುಧವಾರ

ಕ್ಲಾಸು ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲಿನ ತುಂಬ ರಬ್ಬರಿನ ವಾಸನೆ. ಮೇಷ್ಟ್ರಿಗೆ ಇನ್ನೂ ಮೀಸೆ ಸರಿಯಾಗಿ ಕೂತಿಲ್ಲ. ಬಾಯಿ ತೆರೆದರೆ "ಕ್ಲಿಕ್ ಮಾಡಿ". ಬಾಗಿಲು ಹಾಕುವುದಕ್ಕೂ "ಕ್ಲಿಕ್ ಮಾಡಿ" ಅನ್ನುತ್ತಾನೆ. ಕ್ಲಿಕ್ ಮೇಷ್ಟ್ರು ಎಂದು ಹೆಸರಿಟ್ಟೆ.

ಕಂಪ್ಯೂಟರ್ ಕಡಿಮೆ, ಜನ ಜಾಸ್ತಿ. ಒಂದಕ್ಕೆ ಇಬ್ಬಿಬ್ಬರು ಕೂರಬೇಕು. ಕಿಟಕಿ ಪಕ್ಕ ಒಳ್ಳೆಯ ಜಾಗ ಹಿಡಿದು, ಪಕ್ಕದ ಕುರ್ಚಿಯ ಮೇಲೆ ಚೀಲ ಇಟ್ಟು, ಯಾರನ್ನೂ ನೋಡದವಳ ಹಾಗೆ ಕೂತೆ. ಹಿಂದಿನಿಂದ ಒಂದು ಗಂಟಲು:

"ಒಳಗೆ ಹೋಗಿ, ಒಳಗೆ ಹೋಗಿ! ಚೀಲಕ್ಕೆಲ್ಲ ಸೀಟಿಲ್ಲ, ತೊಡೆ ಮೇಲೆ ಇಟ್ಕೊಳ್ಳಿ!"

ತಿರುಗಿ ನೋಡಿದರೆ ಅಪ್ಪನ ಹೆಂಡತಿ.

ಇಬ್ಬರೂ ಒಂದು ಗಳಿಗೆ ಬೆಪ್ಪಾದೆವು. ಆಮೇಲೆ ಅವರು ನನ್ನ ಚೀಲವನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟು, ಕೂತು, ಮೌಸನ್ನು ತಮ್ಮ ಕಡೆಗೆ ಎಳೆದುಕೊಂಡರು.

"ನೀವ್ಯಾಕೆ ಇಲ್ಲಿ?" ಎಂದೆ.

"ಜೀವಮಾನವೆಲ್ಲ ಟಿಕೆಟ್ಟಿಗೆ ತೂತು ಹೊಡ್ದಿದೀನಮ್ಮ. ಇಲ್ಲೂ ತೂತು ಹೊಡೆಯೋದೇ ಕಲಿಸ್ತಾರೆ ಅಂತ ಕೇಳ್ದೆ. ಬಂದೆ."

ಅಷ್ಟೇ. ನಿಜವಾದ ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಊರಲ್ಲಿ ಇಷ್ಟು ಕ್ಲಾಸುಗಳಿವೆ, ಕೈತೋಟದ್ದು, ಹೊಲಿಗೆಯದ್ದು, ಈಜಿನದ್ದು. ಈಜಿಗೆ ಹೋಗಬಹುದಿತ್ತು.

ಜೂನ್ ೧೦, ಸೋಮವಾರ

ಇವತ್ತಿನ ಪಾಠ ತೂತು.

ಪರದೆಯ ಮೇಲೆ ಒಂದು ದಿಮ್ಮಿ ಮಾಡಿಕೊಂಡೆವು. ಅದರ ನೆತ್ತಿಗೆ ತೂತು ಕೊರೆಯುವುದು ಸಲೀಸು. ಪಕ್ಕಕ್ಕೆ ಕೊರೆಯಲು ಹೋದರೆ ಶುರುವಾಯಿತು ಪೀಕಲಾಟ. ನಾನು ಎಳೆದ ವೃತ್ತ ದಿಮ್ಮಿಯ ಪಕ್ಕಕ್ಕೆ ಅಂಟಿಕೊಳ್ಳುವ ಬದಲು ಕಾಲಡಿ ಕಳಚಿಬಿದ್ದ ಬಳೆಯ ಹಾಗೆ ನೆಲದಲ್ಲಿ ಮಲಗಿತ್ತು. ಮತ್ತೆ ಎಳೆದೆ, ಮತ್ತೆ ಮಲಗಿತು.

"ಮೊದ್ಲು ಆ ಪಕ್ಕದ ಮುಖ ಆರಿಸ್ಕೊಳ್ಳಿ, ಕ್ಲಿಕ್ ಮಾಡಿ," ಅಂದ ಮೇಷ್ಟ್ರು. "ಆ ಮುಖಕ್ಕೆ ನೇರವಾಗಿ ಮುಖ ಕೊಟ್ಟು ನಿಂತ್ಕೊಳ್ಳಿ. ಆಮೇಲೆ ವೃತ್ತ ಬರೀರಿ, ಅಳತೆ ಕೊಡಿ, ಕಟ್ ಅನ್ನಿ. ಇಲ್ಲಾಂದ್ರೆ ಅದಕ್ಕೇನು ಗೊತ್ತು, ನೀವು ಯಾವ ಕಡೆಗೆ ಮಾತಾಡ್ತಿದೀರ ಅಂತ?"

"ಮುಖ ಕೊಟ್ಟು ಮಾತಾಡದಿದ್ರೆ ಏನೂ ಕೆಲಸ ಆಗಲ್ಲ ಅನ್ನಿ," ಅಂದರು ಪಕ್ಕದವರು, ಕಣ್ಣು ಪರದೆಯ ಮೇಲೆ ನೆಟ್ಟು. ಕಂಪ್ಯೂಟರಿಗೆ ಹೇಳಿದ್ದೋ ನನಗೋ ಗೊತ್ತಾಗಲಿಲ್ಲ.

ಅವರ ಸರದಿ ಬಂತು. ಮುಖ ಆರಿಸಿದರು, ವೃತ್ತ ಬರೆದರು, ಕಟ್ ಅಂದರು. ದಿಮ್ಮಿಗೆ ಗೀರೂ ಬೀಳಲಿಲ್ಲ. ದಿಕ್ಕು ತಿರುಗಿಸಲು ಮರೆತು ಆಚೆಗೆ ಕೊರೆದಿದ್ದರು. ಕಂಡಕ್ಟರಮ್ಮ ಬಹಳ ಶ್ರದ್ಧೆಯಿಂದ ಗಾಳಿಗೆ ತೂತು ಹೊಡೆದಿದ್ದರು! ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು, ನನಗಿಂತ ಜೋರಾಗಿ. ತಮ್ಮ ಎಡವಟ್ಟಿಗೆ ತಾವೇ ನಕ್ಕುಬಿಟ್ಟರೆ ನಾನು ನಕ್ಕ ಮಜವೇ ಹೋಯಿತಲ್ಲ.

ಜೂನ್ ೧೨, ಬುಧವಾರ

ಬೇಗ ಹೋದೆ. ಕ್ಲಾಸಿನಲ್ಲಿ ಯಾರೂ ಇರಲಿಲ್ಲ. ಅವರ ದಿಮ್ಮಿಯ ಫೈಲು ತೆರೆದೆ. ಪಕ್ಕದಲ್ಲಿ ನಾಲ್ಕು ಮಿಲಿಮೀಟರಿನ ಪುಟ್ಟ ಪುಟ್ಟ ತೂತುಗಳು, ಒಂದೊಂದೂ ಅಳೆದು ಇಟ್ಟದ್ದು. ಒಂದರ ನಾಲ್ಕರ ಪಕ್ಕ ಒಂದು ಸೊನ್ನೆ ಸೇರಿಸಿ ಮುಚ್ಚಿಟ್ಟೆ.

ಅವರು ಬಂದು ತೆರೆದಾಗ ದಿಮ್ಮಿ ಹೋಗಿ ಕಿಟಕಿಯ ಚೌಕಟ್ಟಾಗಿತ್ತು.

"ಅಯ್ಯೋ ಮೇಷ್ಟ್ರೇ, ನನ್ನ ದಿಮ್ಮಿ ಸವೆದುಹೋಗಿದೆ!"

ಮೇಷ್ಟ್ರು ತಲೆ ಕೆರೆದುಕೊಂಡ. ನಾನು ಬಹಳ ಕಾಳಜಿಯಿಂದ, "ಕಂಪ್ಯೂಟರಿಗೆ ಸೆಕೆ ಜಾಸ್ತಿಯಾಗಿರ್ಬೇಕು," ಎಂದೆ. ಕಂಡಕ್ಟರಮ್ಮ ನನ್ನ ಕಡೆ ನೋಡಿದರು. ಟಿಕೆಟ್ ಇಲ್ಲದೆ ಹಿಂದಿನ ಸೀಟಿನಲ್ಲಿ ನಿದ್ದೆಯ ನಾಟಕವಾಡುವವನನ್ನು ನೋಡುವ ನೋಟ.

ಜೂನ್ ೧೪, ಶುಕ್ರವಾರ

ನನ್ನ ಚೌಕ ದೀಪದ ಫೈಲನ್ನು ಮೇಷ್ಟ್ರು ಎಲ್ಲರಿಗೂ ತೋರಿಸಲೆಂದು ಗೋಡೆಯ ಮೇಲಿನ ದೊಡ್ಡ ಪರದೆಗೆ ಹಾಕಿದ. ಎಲೆಗಳಿರಬೇಕಾದ ಪಕ್ಕದಲ್ಲಿ ಎರಡು ದುಂಡು ಕಣ್ಣು, ಹುಬ್ಬುಗಳ ನಡುವೆ ಒಂದು ಗಂಟು, ಕೆಳಕ್ಕೆ ಬಾಗಿದ ಬಾಯಿ. ಮೂಗು ಮಾತ್ರ ಎಷ್ಟು ಚೂಪಾಗಿತ್ತೆಂದರೆ ಕೈ ತಾಗಿದರೆ ಗಾಯವಾಗುತ್ತಿತ್ತು.

"ಇದು ಯಾರು?" ಎಂದ ಮೇಷ್ಟ್ರು, ಮುಗ್ಧವಾಗಿ.

ಇಡೀ ಕ್ಲಾಸು ಪರದೆ ನೋಡಿತು, ನನ್ನನ್ನು ನೋಡಿತು, ಮತ್ತೆ ಪರದೆ ನೋಡಿತು. ಯಾರೂ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

"ಸೆಕೆ ಜಾಸ್ತಿಯಾದ್ರೆ ಹೀಗೂ ಆಗತ್ತಾ ಮೇಷ್ಟ್ರೇ?" ಎಂದು ಕೇಳಿದರು ಕಂಡಕ್ಟರಮ್ಮ.

ಮನೆಗೆ ಬಂದು ಕನ್ನಡಿ ನೋಡಿಕೊಂಡೆ. ಹುಬ್ಬಿನ ಗಂಟು ಅಷ್ಟೇನೂ ಇಲ್ಲ. ನೋಡುತ್ತ ನೋಡುತ್ತ ಬಂತು.

ಜೂನ್ ೧೭, ಸೋಮವಾರ

ದೊಡ್ಡ ಚೇಷ್ಟೆ ಕಣ್ಣಿಗೆ ಬೀಳುತ್ತದೆ, ತಕ್ಷಣ ಸರಿಮಾಡಿಬಿಡುತ್ತಾರೆ. ಚೇಷ್ಟೆಯೆಂದರೆ ಸಣ್ಣದಿರಬೇಕು, ತಡವಾಗಿ ಕಾಡಬೇಕು. ಅವರು ನೀರು ಕುಡಿಯಲು ಎದ್ದಾಗ ಎಲ್ಲ ನಾಲ್ಕುಗಳನ್ನೂ ಏಳು ಮಾಡಿದೆ. ನೋಡಿದರೆ ಏನೂ ತಿಳಿಯುವುದಿಲ್ಲ.

ಇವತ್ತು ಒಳ್ಳೆಯ ನಿದ್ದೆ ಬರುತ್ತದೆ.

ಜೂನ್ ೧೯, ಬುಧವಾರ

ಕ್ಲಾಸಿನ ಮೂಲೆಯಲ್ಲೊಂದು ತ್ರೀಡಿ ಪ್ರಿಂಟರ್ ಇದೆ. ಪರದೆಯಲ್ಲಿ ಬರೆದದ್ದನ್ನು ಪ್ಲಾಸ್ಟಿಕ್ಕಿನ ಎಳೆ ಸುತ್ತಿ ಸುತ್ತಿ ನಿಜದ ವಸ್ತು ಮಾಡಿಕೊಡುತ್ತದೆ. ಕಂಡಕ್ಟರಮ್ಮ ತಮ್ಮ ದಿಮ್ಮಿಯನ್ನು ಅದಕ್ಕೆ ಕೊಟ್ಟು, ಮುಗಿಯುವವರೆಗೆ ಅದರ ಮುಂದೆಯೇ ಕೂತಿದ್ದರು. ಆಮೇಲೆ ಕರವಸ್ತ್ರದಲ್ಲಿ ಹಕ್ಕಿಮರಿಯನ್ನು ಸುತ್ತಿದ ಹಾಗೆ ಸುತ್ತಿಕೊಂಡು ಹೋದರು. ಬರಿಯ ಪಾಠದ ದಿಮ್ಮಿಗೆ ಇಷ್ಟು ಮುದ್ದು ಯಾಕೋ.

ಹೇಳೋಣ ಅನ್ನಿಸಿತು. ಹೇಳಲಿಲ್ಲ. ಒಂದು ಪ್ಲಾಸ್ಟಿಕ್ ದಿಮ್ಮಿ ತಾನೆ.

ಜೂನ್ ೨೧, ಶುಕ್ರವಾರ

ಅವರು ಬರಲಿಲ್ಲ. ಮೌಸು ಪೂರ್ತಿ ನನ್ನದೇ. ಯಾರೂ ಮೊಣಕೈಯಿಂದ ತಿವಿಯಲಿಲ್ಲ, ಯಾರೂ "ಒಳಗೆ ಹೋಗಿ" ಅನ್ನಲಿಲ್ಲ. ನನ್ನ ಫೈಲನ್ನು ಎರಡೆರಡು ಸಲ ಹುಡುಕಿದೆ, ಎಲ್ಲೂ ಯಾವ ಚೇಷ್ಟೆಯೂ ಇಲ್ಲ. ಬೇಗ ಎದ್ದು ಬಂದೆ.

ಅಪ್ಪನ ಫೋನು ಈ ವಾರ ಬಂದೇ ಇಲ್ಲ.

ಜೂನ್ ೨೪, ಸೋಮವಾರ

ಇವತ್ತು ಅವರು ಬಂದಿದ್ದರು, ಆದರೆ ಮೌಸನ್ನು ನನ್ನ ಕಡೆಗೇ ಬಿಟ್ಟು ಸುಮ್ಮನೆ ಕೂತಿದ್ದರು. ಕ್ಲಾಸು ಬಿಟ್ಟ ಮೇಲೆ ಬಸ್ ಸ್ಟಾಪಿನಲ್ಲಿ ಇಬ್ಬರೇ ನಿಂತೆವು.

"ಹುಷಾರಿಲ್ವಾ?" ಎಂದೆ.

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ." ಚೀಲವನ್ನು ಇನ್ನೊಂದು ಕೈಗೆ ಬದಲಿಸಿ, "ನಿಮ್ಮಪ್ಪನ ಕೈ ನೋಡಿದೀಯಾ ಇತ್ತೀಚೆಗೆ?" ಅಂದರು.

"ಕೈಗೇನಾಯ್ತು?"

"ನಡುಗುತ್ತೆ. ಲೋಟ ಹಿಡಿದ್ರೆ ಅರ್ಧ ನೀರು ನೆಲಕ್ಕೆ. ಡಾಕ್ಟರು ಮಾತ್ರೆ ಕೊಟ್ಟಿದಾರೆ, ಇರೋದನ್ನ ಇಷ್ಟಕ್ಕೇ ನಿಲ್ಲಿಸ್ಬಹುದು, ವಾಪಸ್ ಕಳಿಸೋಕಾಗಲ್ಲ ಅಂದಿದಾರೆ. ನಿನಗೆ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಹಾಕಿಸ್ಕೊಂಡಿದ್ದ. ಈಗ ಮುರ್ದೆ."

ಫೋನಿನಲ್ಲಿ ದನಿ ಮಾತ್ರ ಕೇಳುತ್ತದೆ. ಕೈ ಕಾಣುವುದಿಲ್ಲ.

"ಆ ದಿಮ್ಮಿ ಮಾಡಿದ್ದು ಅವನಿಗೇನೇ. ಗಡಿಯಾರದ ಒಡಲಿನ ಮೇಲೆ ಅದನ್ನ ಕೂರಿಸೋದು. ಪಕ್ಕದ ತೂತಿನೊಳಗಿಂದ ಸ್ಕ್ರೂಡ್ರೈವರ್ ತೂರಿಸೋದು. ತೂತು ಬಿಗಿಯಾಗಿದ್ರೆ ಕೈ ಎಷ್ಟು ನಡುಗಿದ್ರೂ ತುದಿ ಅಲ್ಲಾಡಲ್ಲ, ಸೀದಾ ಸ್ಕ್ರೂ ತಲೆಗೇ ಹೋಗಿ ಕೂರುತ್ತೆ. ಅದಕ್ಕೇ ನಾಲ್ಕು ಅಂತ ಅಳೆದು ಅಳೆದು ಇಟ್ಟಿದ್ದೆ." ಅವರು ರಸ್ತೆಯ ಕಡೆಗೇ ನೋಡುತ್ತಿದ್ದರು. "ತೂತು ದೊಗಳೆಯಾಗಿತ್ತು. ಸ್ಕ್ರೂಡ್ರೈವರ್ ಜಾರಿ ಪಕ್ಕದ ಮನೆಯವರ ಗಡಿಯಾರದ ಹಲ್ಲಿನ ಚಕ್ರ ಮುರೀತು. ಅವನು ಸಾಮಾನಿನ ಪೆಟ್ಟಿಗೆಗೆ ಬೀಗ ಹಾಕಿ ಅಟ್ಟಕ್ಕೆ ಎತ್ತಿಸ್ಬಿಟ್ಟ."

"ನನ್ನಿಂದ..." ಎಂದು ಶುರುಮಾಡಿದೆ.

"ಅಳತೆ ತಪ್ಪು ಮಾಡಿದ್ದು ನಾನು ಅಂತ ಹೇಳಿದೀನಿ ಅವನಿಗೆ," ಅಂದರು. "ಆದ್ರೆ ನಾಲ್ಕನ್ನ ಏಳು ಮಾಡೋ ಮೌಸು ಆ ಕ್ಲಾಸಲ್ಲಿ ಒಂದೇ ಇರೋದು."

ಅವರ ಬಸ್ಸು ಬಂತು. ಅದು ನನ್ನ ಬಸ್ಸಲ್ಲ. ಹತ್ತಿದೆ.

ಅಪ್ಪನ ಮನೆಯಲ್ಲಿ ಅಮ್ಮನ ಕುರ್ಚಿ ಇದ್ದಲ್ಲೇ ಇದೆ. ಅದರ ಕುಂಟುವ ಕಾಲಿಗೆ ಯಾರೋ ಬಿರಡೆ ಹೊಡೆದು ಸರಿಮಾಡಿದ್ದಾರೆ. ಅಪ್ಪ ಮೇಜಿನ ಮುಂದೆ ಕೂತಿದ್ದ. ನನ್ನನ್ನು ನೋಡಿದ್ದೇ ಎರಡೂ ಕೈಗಳನ್ನು ಮೇಜಿನ ಕೆಳಗೆ ಇಳಿಸಿದ.

"ಏನು ಮುಳ್ಳೇ, ದಾರಿ ತಪ್ಪಿ ಬಂದ್ಯಾ?"

"ಕೈ ತೋರಿಸು."

"ಕೈಯಲ್ಲೇನಿದೆ? ಶಾಸ್ತ್ರ ಹೇಳ್ತೀಯಾ?"

"ಅಪ್ಪ."

ಅವನು ಮೇಲೆ ತೆಗೆದಿಟ್ಟ. ಮೇಜಿನ ಮೇಲಿದ್ದ ಚಮಚ ಸಣ್ಣಗೆ ಸದ್ದು ಮಾಡತೊಡಗಿತು. ಅವನು ಅದನ್ನು ದೂರ ಸರಿಸಿ ನಕ್ಕ. "ಊರವರ ಗಡಿಯಾರ ಎಲ್ಲ ಸರಿಮಾಡ್ದೆ. ಕೊನೆಗೆ ನನ್ನ ಕೈಯೇ ನನಗೆ ಕೈ ಕೊಡ್ತು ನೋಡು."

ಅಷ್ಟೇ ಬರೆಯಬಲ್ಲೆ ಇವತ್ತು.

ಜೂನ್ ೨೬, ಬುಧವಾರ

ಎಲ್ಲ ಏಳುಗಳನ್ನೂ ನಾಲ್ಕು ಮಾಡಿದೆ. ಕಂಡಕ್ಟರಮ್ಮ ಒಂದೊಂದನ್ನೂ ಬೆರಳಿಟ್ಟು ಮತ್ತೆ ಎಣಿಸಿದರು. ನನ್ನ ಮೇಲೆ ನಂಬಿಕೆ ಇಲ್ಲವಂತೆ. ಸರಿಯೇ. ನಾನು ಕ್ಷಮೆ ಕೇಳಲು ಬಾಯಿ ತೆರೆದಾಗಲೆಲ್ಲ ಬಾಯಿಗೆ ಒಂದು ಬಿಸ್ಕತ್ತು ತುರುಕಿದರು. ಮೂರನೆಯ ಬಿಸ್ಕತ್ತಿಗೆ ಸುಮ್ಮನಾದೆ.

ಆಮೇಲೆ ನನ್ನ ದುಂಡು ದೀಪ. ಇಲ್ಲಿ ತಲೆ ಕೆಟ್ಟುಹೋಯಿತು. ಚೌಕ ದಿಮ್ಮಿಗಾದರೆ ಪಕ್ಕಗಳಿವೆ, ಒಂದು ಮುಖ ಆರಿಸಿ ಕೊರೆಯಬಹುದು. ಉರುಳೆಯಾಕಾರಕ್ಕೆ ಎಲ್ಲಿಯ ಮುಖ? ಸುತ್ತಲೂ ಬಾಗಿದ ಮೈ. ಎಲ್ಲಿ ಕ್ಲಿಕ್ ಮಾಡಿದರೂ "ಇಲ್ಲಿ ಬರೆಯಲಾಗದು" ಅನ್ನುತ್ತದೆ. ವಾರವೂ ಉಳಿದಿಲ್ಲ. ಪ್ಯಾಕಿಂಗ್ ವಿಭಾಗದ ಅಂಟುಪಟ್ಟಿಯ ವಾಸನೆ ಮೂಗಿಗೆ ಬಂತು.

"ಅದರ ಪಕ್ಕದಲ್ಲಿ, ಹೊರಗಡೆ, ಒಂದು ಚಪ್ಪಟೆ ಹಾಳೆ ನಿಲ್ಲಿಸಿ," ಅಂದ ಮೇಷ್ಟ್ರು. "ಉರುಳೆಗೆ ಸುಮ್ನೆ ತಾಗಿದ ಹಾಗೆ. ವೃತ್ತ ಆ ಹಾಳೆ ಮೇಲೆ ಬರೀರಿ. ಕಟ್ ಮಾತ್ರ ಒಳಗಡೆಗೆ ಕೊಡಿ. ಎಷ್ಟು ಆಳ ಅಂತ ಹೇಳೋದು ಮರೀಬೇಡಿ, ಇಲ್ಲಾಂದ್ರೆ ಆಚೆ ಪಕ್ಕವೂ ತೂತಾಗತ್ತೆ."

ನನಗೆ ಅರ್ಥವಾಗಲಿಲ್ಲ. ಕಂಡಕ್ಟರಮ್ಮನಿಗೆ ಆಯಿತು.

"ಅಷ್ಟೇನಾ? ಬಸ್ಸು ತುಂಬಿದ್ರೆ ನಾವು ಹೊರಗೇ ನಿಂತು ಕಿಟಕಿಯೊಳಗೆ ಕೈ ಹಾಕಿ ಟಿಕೆಟ್ ಕೊಡ್ತಿರ್ಲಿಲ್ವಾ? ಅದೇ."

ಹೊರಗೆ ನಿಂತು ಒಳಗೆ ಕೈ ಹಾಕಿದೆ. ದುಂಡು ಮೈಯಲ್ಲಿ ಮೊದಲ ತೂತು ಬಿತ್ತು. ನಾನು ಕೂಗಿಕೊಂಡೆನಂತೆ, ಕೆಳಗಿನ ಸೈಕಲ್ ಅಂಗಡಿಯವನು ಮೇಲೆ ಬಂದು ಏನಾಯಿತೆಂದು ಕೇಳಿದ.

ಅದೇ ಉಪಾಯದಿಂದ ಇನ್ನೊಂದು ವಸ್ತುವನ್ನೂ ಮಾಡಿದೆವು. ಅಲಾರಂ ಗಡಿಯಾರಗಳ ದುಂಡು ಒಡಲಿಗೆ ಟೋಪಿಯ ಹಾಗೆ ಕೂರುವ ಉರುಳೆ, ಅದರ ಪಕ್ಕದಲ್ಲಿ ಚಿಮುಟ ತೂರಿಸಲು ಸಣ್ಣ ತೂತು. ಎರಡನ್ನೂ ಪ್ರಿಂಟರಿಗೆ ಕೊಟ್ಟೆವು.

"ಮಾಡಿದ್ದೇನೋ ಆಯ್ತು," ಅಂದೆ. "ಪೆಟ್ಟಿಗೆ ಅಟ್ಟದ ಮೇಲಿದೆ. ಅಪ್ಪ ಹಟಮಾರಿ. ಇಳಿಸ್ತಾನಾ?"

"ಕೇಳಿದ್ರೆ ಇಳಿಸಲ್ಲ," ಅಂದರು ಚಿಕ್ಕಮ್ಮ. ಆ ನೋಟ ನನಗೆ ಪರಿಚಯದ್ದು. ಸೆಕೆ ಜಾಸ್ತಿಯಾದ ದಿನದ ನೋಟ. "ಕೇಳೋದು ಬೇಡ."

ಜೂನ್ ೩೦, ಭಾನುವಾರ

ಎಷ್ಟು ನಕ್ಕಿದ್ದೇನೆಂದರೆ ಪಕ್ಕೆ ಇನ್ನೂ ನೋಯುತ್ತಿದೆ. ಮೊದಲಿಂದ ಬರೆಯಬೇಕು.

ಅಪ್ಪ ಬೆಳಿಗ್ಗೆ ನಡೆದಾಡಲು ಹೋದಾಗ ಚಿಕ್ಕಮ್ಮ ಹಾಲಿನ ಗೋಡೆ ಗಡಿಯಾರ ಇಳಿಸಿ, ಹಿಂಬದಿ ಬಿಚ್ಚಿ, ಒಳಗಿನ ಸ್ಕ್ರೂಗಳನ್ನೆಲ್ಲ ಸಡಿಲಿಸಿ, ನಿಲ್ಲಿಸಿ, ಮತ್ತೆ ನೇತುಹಾಕಿದ್ದಳು. ನಾನು ನನ್ನ ಅಲಾರಂ ಗಡಿಯಾರದ ಮುಳ್ಳುಗಳನ್ನು ಒಂದಕ್ಕೊಂದು ಸಿಕ್ಕಿಸಿಕೊಂಡು ಹೋಗಿದ್ದೆ. ಅಡುಗೆಮನೆಯದರ ಬ್ಯಾಟರಿ ಚಿಕ್ಕಮ್ಮನ ಸೆರಗಿನ ಗಂಟಿನಲ್ಲಿತ್ತು.

"ಎಲ್ಲ ಒಂದೇ ದಿನ ಕೆಟ್ಟಿವೆಯಾ?" ಎಂದ ಅಪ್ಪ. "ಪೇಟೆಯಲ್ಲಿ ಕೊಟ್ಟು ಬನ್ನಿ."

"ಭಾನುವಾರ, ಅಂಗಡಿ ಇಲ್ಲ."

"ಹಾಗಾದ್ರೆ ನಾಳೆ."

"ಗಂಟೆ ಗೊತ್ತಾಗದೆ ಮನೆ ನಡೆಯತ್ತಾ?" ಅಂದಳು ಚಿಕ್ಕಮ್ಮ. "ಚಿಂತೆ ಇಲ್ಲ, ನಾನಿದೀನಿ." ಒಳಗೆ ಹೋಗಿ ತನ್ನ ಹಳೆಯ ಕಂಡಕ್ಟರ್ ಸೀಟಿ ತಂದಳು. ಕುತ್ತಿಗೆಗೆ ಹಾಕಿಕೊಂಡು ಅಪ್ಪನ ಕಿವಿಯ ಹತ್ತಿರ ನಿಂತು ಉಸಿರು ತುಂಬಿ ಊದಿದಳು. ಅಪ್ಪ ಕುರ್ಚಿಯಿಂದ ಅರ್ಧ ಎದ್ದ. "ಹತ್ತೂಕಾಲು! ಮುಂದಿನ ನಿಲ್ದಾಣ ಹತ್ತೂವರೆ! ಇಳಿಯೋರು ಮುಂದೆ ಬನ್ನಿ!"

ತನ್ನ ಅಂದಾಜಿನ ಹತ್ತೂವರೆಗೆ ಊದಿದಳು. ಮುಕ್ಕಾಲಿಗೆ ಊದಿದಳು. ಅಪ್ಪ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದ, ಪೇಪರಿನ ಮೇಲಿಂದ ಊದಿದಳು. ಬಚ್ಚಲಿಗೆ ಹೋದ, ಬಾಗಿಲ ಸಂದಿಯಲ್ಲಿ ಊದಿದಳು. ಪಕ್ಕದ ಮನೆಯವರು ಬೇಲಿಯಿಂದ ಇಣುಕಿ, ಬಸ್ಸು ಎಲ್ಲಿ ಎಂದು ಕೇಳಿದರು. ಊಟಕ್ಕೆ ಕೂತಾಗ ಸರಿಯಾಗಿ ಮೊದಲ ತುತ್ತಿಗೆ ಒಂದು ಗಂಟೆಯಾಯಿತು.

"ಇಳಿಸ್ರೇ ಆ ದರಿದ್ರ ಪೆಟ್ಟಿಗೆ!" ಎಂದು ಕಿರುಚಿದ ಅಪ್ಪ.

ನಾನು ಅಟ್ಟ ಹತ್ತುವುದನ್ನು ಯಾರಾದರೂ ನೋಡಬೇಕಿತ್ತು. ಬೆಕ್ಕೂ ಹಾಗೆ ಹತ್ತಲಾರದು.

ಮೇಜಿನ ಮೇಲೆ ಗೋಡೆ ಗಡಿಯಾರ ಬಿಚ್ಚಿಟ್ಟೆವು. ಚಿಕ್ಕಮ್ಮ ಹೊಸ ದಿಮ್ಮಿಯನ್ನು ಅದರ ಮೇಲೆ ಕೂರಿಸಿದಳು. ಅಪ್ಪ ಅದನ್ನು ನೋಡಿ ಮುಖ ತಿರುಗಿಸಿದ. "ಇದನ್ನ ಒಂದು ಸಲ ನೋಡಿ ಆಗಿದೆ."

"ಆವತ್ತು ಅಳತೆ ತಪ್ಪಿತ್ತು," ಎಂದೆ. "ಈ ಸಲ ನಾನೂ ನೋಡಿದೀನಿ."

ಅವನು ಸ್ಕ್ರೂಡ್ರೈವರ್ ತೆಗೆದುಕೊಂಡ. ಅದರ ತುದಿ ಗಾಳಿಯಲ್ಲಿ ನೊಣದ ಹಾಗೆ ಸುತ್ತಾಡುತ್ತಿತ್ತು. ದಿಮ್ಮಿಯ ಪಕ್ಕಕ್ಕೆ ತಂದ, ತಾಗಿ ತಪ್ಪಿತು, ಮತ್ತೆ ತಂದ. ತೂತಿನೊಳಗೆ ಹೋಯಿತು. ಹೊರಗೆ ಹಿಡಿಯೂ ಕೈಯೂ ನಡುಗುತ್ತಲೇ ಇದ್ದವು. ಒಳಗೆ ತುದಿ ಮಾತ್ರ ಸುಮ್ಮನಾಯಿತು. ಮೆಲ್ಲಗೆ ತಿರುಗಿಸಿದ. ಸ್ಕ್ರೂ ತಿರುಗಿತು.

ಚಿಕ್ಕಮ್ಮ ಸೀಟಿಯನ್ನು ಬಾಯಲ್ಲಿಟ್ಟುಕೊಂಡಿದ್ದಳು, ಊದಲಿಲ್ಲ. ಹನ್ನೆರಡು ನಿಮಿಷಕ್ಕೋ ಇಪ್ಪತ್ತಕ್ಕೋ, ಯಾರಿಗೆ ಗೊತ್ತು, ಮನೆಯಲ್ಲಿ ಗಡಿಯಾರವೇ ಇರಲಿಲ್ಲವಲ್ಲ, ಲೋಲಕ ಆಡತೊಡಗಿತು.

ಅಪ್ಪ ಕನ್ನಡಕ ತೆಗೆದು ನಮ್ಮಿಬ್ಬರನ್ನೂ ನೋಡಿದ. "ಗಡಿಯಾರ ಹಳೇದಾದ್ರೆ ಒಂದು ಸ್ಕ್ರೂ ಸಡಿಲ ಆಗತ್ತೆ, ಎರಡು ಆಗತ್ತೆ. ಎಲ್ಲ ಸ್ಕ್ರೂ ಒಂದೇ ಸಮ ಸಡಿಲ ಆಗಿದ್ದು ನನ್ನ ಜನ್ಮದಲ್ಲಿ ನೋಡಿಲ್ಲ. ಯಾರು ಇದು?"

ನಾನು ಚಿಕ್ಕಮ್ಮನ ಕಡೆ ಬೆರಳು ತೋರಿಸಿದೆ. ಅದೇ ಹೊತ್ತಿಗೆ ಅವಳು ನನ್ನ ಕಡೆ ತೋರಿಸಿದಳು.

"ಹೂಂ," ಎಂದ ಅಪ್ಪ. ನನ್ನ ಅಲಾರಂ ಗಡಿಯಾರವನ್ನೂ ಅದರ ಉರುಳೆ ಟೋಪಿಯನ್ನೂ ತನ್ನ ಹತ್ತಿರ ಎಳೆದುಕೊಂಡ. "ಇದು ಇಲ್ಲೇ ಇರ್ಲಿ. ನಿಧಾನಕ್ಕೆ ನೋಡ್ತೀನಿ."

ಜುಲೈ ೩, ಬುಧವಾರ

ದೀಪ ಕೊರೆದದ್ದಾಯಿತು. ಪೆನ್‌ಡ್ರೈವ್ ಸಿಕ್ಕಿಸಿ ಗುಂಡಿ ಒತ್ತಿದೆ. ಯಂತ್ರ ದುಂಡು ಮರವನ್ನು ತಿರುಗಿಸುತ್ತ ತಿರುಗಿಸುತ್ತ ಒಂದೊಂದೇ ತೂತು ಕೊರೆಯಿತು. ಬಲ್ಬು ಹೊತ್ತಿಸಿ ಕಿಟಕಿ ಮುಚ್ಚಿದಾಗ ಯಜಮಾನರ ಕೋಣೆಯ ನಾಲ್ಕೂ ಗೋಡೆಗಳ ಮೇಲೆ ಮೀನುಗಳು. ಒಂದು ಮೀನು ಸರಿಯಾಗಿ ಅವರ ಬೋಳು ತಲೆಯ ಮೇಲೆ ಬಂದು ನಿಂತಿತ್ತು. ಯಾರೂ ಹೇಳಲಿಲ್ಲ.

ಯಜಮಾನರು ಕೂತುಕೊಳ್ಳಲು ಹೇಳಲಿಲ್ಲ. ಬಾಗಿಲ ಕಡೆ ನಡೆಯುತ್ತಲೇ, "ಮುಂದಿನ ವಾರ ಇನ್ನೆರಡು ಮಾಡಿ," ಅಂದರು.

ಸಂಜೆ ಮನೆಗೆ ಹೋಗಿ ಸುದ್ದಿ ಹೇಳಿದೆ. ಅಮ್ಮನ ಕುರ್ಚಿಯಲ್ಲಿ ಕೂತು ಉಂಡೆ. ಚಿಕ್ಕಮ್ಮ ಬಡಿಸಿದಳು. ನಾನು ಸಾಕು ಅಂದರೂ ಕೇಳಲಿಲ್ಲ, "ಒಳಗೆ ಜಾಗ ಇದೆ," ಅಂದಳು.

ಜುಲೈ ೫, ಶುಕ್ರವಾರ

ನಿನ್ನೆ ಅಪ್ಪ ಅಲಾರಂ ಗಡಿಯಾರ ಕೊಟ್ಟುಕಳಿಸಿದ್ದ. ಚೆನ್ನಾಗಿ ಒರೆಸಿ, ಸಮಯ ಸರಿಯಾಗಿಟ್ಟು, ಕೀಲಿ ಕೊಟ್ಟು. ಇವತ್ತು ಅದು ಬಡಿದಾಗ ಎದ್ದು, ಮಿಂದು, ಓಡೋಡುತ್ತ ಕಾರ್ಖಾನೆಗೆ ಬಂದರೆ ಗೇಟಿಗೆ ಬೀಗ. ರಸ್ತೆಯಲ್ಲಿ ನಾಯಿಯೂ ಇಲ್ಲ. ಸರಸರ ಬರುವ ಗಡಿಬಿಡಿಯಲ್ಲಿ ಫೋನಿನಲ್ಲಿ ಗಂಟೆ ನೋಡಿರಲಿಲ್ಲ. ಈಗ ನೋಡಿದರೆ ಇನ್ನೂ ಬೆಳಕು ಹರಿಯುವ ಹೊತ್ತು. ಒಂದೇ ರಾತ್ರಿಯಲ್ಲಿ ಆ ಗಡಿಯಾರ ಎರಡು ಗಂಟೆ ಮುಂದೆ ಓಡಿತ್ತು.

ಗೇಟಿನ ಕಟ್ಟೆಯ ಮೇಲೆ ಕೂತು ಮನೆಗೆ ಫೋನ್ ಹಚ್ಚಿದೆ. "ಚಿಕ್ಕಮ್ಮ, ನಿನ್ನ ಗಂಡನಿಗೆ ಒಂದು ಮಾತು ಹೇಳು. ಗಡಿಯಾರ ರಿಪೇರಿ ಮಾಡಿದಾನೋ ಹಾಳು ಮಾಡಿದಾನೋ?"

"ಏನಾಯ್ತೇ?"

"ಕುದುರೆ ಓಡಿದ ಹಾಗೆ ಓಡ್ತಿದೆ. ಬೇಕಂತಲೇ ಮಾಡಿದಾನೆ. ಒಳಗಡೆ ಕೂದಲೆಳೆಯಂಥ ಸುರುಳಿ ಇರುತ್ತಲ್ಲ, ಅದನ್ನ ಬಿಗಿ ಮಾಡಿದ್ರೆ ಹೀಗಾಗತ್ತೆ. ಚಿಕ್ಕವಳಿದ್ದಾಗ ನನಗೆ ಅವನೇ ತೋರಿಸಿದ್ದ."

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ಚಿಕ್ಕಮ್ಮ? ಇದೀಯಾ?"

"ಆ ಸುರುಳಿನಾ?" ಅಂದಳು ಮೆಲ್ಲಗೆ. "ಉಸಿರು ತಾಗಿದ್ರೂ ಅಲ್ಲಾಡತ್ತೆ ಅಂತಾನಲ್ಲ, ಅದಾ?"

"ಅದೇ..." ಎಂದವಳು ಅಲ್ಲಿಗೇ ನಿಂತೆ.

ನಡುಗುವ ಕೈಯಲ್ಲಿ, ನಾವು ಮಾಡಿದ ಟೋಪಿಯ ತೂತಿನಿಂದ ಚಿಮುಟ ತೂರಿಸಿ, ಆ ಸುರುಳಿಯನ್ನು ಹಿಡಿದು, ಒಂದು ಎಳೆಯೂ ನಲುಗದ ಹಾಗೆ ಇಷ್ಟೇ ಇಷ್ಟು ಸರಿಸಿ, ಮತ್ತೆ ಮುಚ್ಚಬೇಕು. ಫೋನಿನಲ್ಲಿ, ದೂರದಲ್ಲೆಲ್ಲೋ, ಅಪ್ಪ ಮುದಿ ನರಿಯ ಹಾಗೆ ನಗುವುದು ಕೇಳುತ್ತಿತ್ತು. "ಗೇಟು ತೆಗೆದಿದಾರಾ ಅಂತ ಕೇಳೇ! ಕೇಳೇ ಅವಳನ್ನ!"

ಚಿಕ್ಕಮ್ಮ ಮೂಗು ಸೀಟಿದಳು. ಆಮೇಲೆ ಫೋನಿಗೆ ಬಾಯಿ ಒತ್ತಿ, ಅವನಿಗೆ ಕೇಳಿಸದ ಹಾಗೆ, "ಸಂಜೆ ಕ್ಲಾಸಿಗೆ ಬೇಗ ಬಾ. ಅವನ ಕನ್ನಡಕದ ಡಬ್ಬಿಯ ಅಳತೆ ತಗೊಂಡು ಬರ್ತೀನಿ. ಅದೇ ಥರದ್ದು ಇನ್ನೊಂದು ಮಾಡೋಣ, ಪಕ್ಕದಲ್ಲಿ ತೂತು, ಎಷ್ಟು ಸಲ ಹಾಕಿದ್ರೂ ಕನ್ನಡಕ ಆಚೆ ಬೀಳ್ಬೇಕು," ಅಂದಳು.

"ಎಷ್ಟು ಆಳ?"

"ಪೂರ್ತಿ ಆಚೆವರೆಗೂ."

ಅಷ್ಟರಲ್ಲಿ ಕಾವಲಿನವರು ಕಣ್ಣುಜ್ಜಿಕೊಳ್ಳುತ್ತ ಬೀಗ ತೆಗೆಯಲು ಬಂದರು. ನಾನು ಕಟ್ಟೆಯ ಮೇಲೆ ಒಬ್ಬಳೇ ಕೂತು ಕಣ್ಣಲ್ಲಿ ನೀರು ತುಂಬಿಕೊಂಡು ನಗುತ್ತಿರುವುದನ್ನು ನೋಡಿ ಗಾಬರಿಯಾದರು.

"ಏನಮ್ಮಾ ಇದು, ಇಷ್ಟು ಬೆಳಿಗ್ಗೆ?"

"ನಮ್ಮಪ್ಪನ ಕೈಚಳಕ," ಎಂದೆ.